ರಕ್ಕಸತಂಗಡಿ ಯುದ್ಧ ಧರ್ಮಕ್ಕಾಗಿ ಆಯಿತೋ, ಮೇಲೆ ಕೇಳುವವರು ಇಲ್ಲದ್ದಕ್ಕೆ ಆಯಿತೋ?

ಹೊಳೆದಂಡೆ, ಮುದ್ದೇಬಿಹಾಳ ತಾಲೂಕು – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ. ಮುಂದಿನ ತಿಂಗಳು ನನ್ನ ಸೆಮಿನಾರ್ ಇದೆ. ವಿಷಯ: ಯುದ್ಧದ ಕಾರಣಗಳಲ್ಲಿ ಅರಾಜಕತೆ ಮತ್ತು ಸಂಸ್ಕೃತಿಯ ಪಾತ್ರ.

ನೋಟ್ಸ್‌ನಲ್ಲಿ ಇರುವುದು ಇಷ್ಟು. ದೇಶಗಳ ಮೇಲೆ ಇನ್ನೊಂದು ಸರ್ಕಾರ ಇಲ್ಲ, ಇದನ್ನೇ ಅರಾಜಕತೆ ಅನ್ನುತ್ತಾರೆ. ಯಾರಾದರೂ ಗಡಿ ದಾಟಿದರೆ ಹಿಡಿದು ಒಳಗೆ ಹಾಕುವ ಪೊಲೀಸರಿಲ್ಲ. ಹಾಗಾಗಿ ಪ್ರತಿ ದೇಶ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಒಬ್ಬರು ಸುಮ್ನೆ ಕಾವಲಿಗೆ ಅಂತ ಸೈನ್ಯ ಬೆಳೆಸಿದರೂ ಪಕ್ಕದವರಿಗೆ ಭಯ ಹುಟ್ಟುತ್ತದೆ, ಅವರೂ ಬೆಳೆಸುತ್ತಾರೆ. ಇದನ್ನು ಗಟ್ಟಿಯಾಗಿ ಹೇಳಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞ ಕೆನೆತ್ ವಾಲ್ಟ್ಸ್, 1959ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ. 1992ರಲ್ಲಿ ಅಲೆಕ್ಸಾಂಡರ್ ವೆಂಟ್ ಇದಕ್ಕೆ ಎದುರು ವಾದ ಹೂಡಿದರು. ಮೇಲೆ ಯಾರೂ ಇಲ್ಲ ಅಂದ ಮಾತ್ರಕ್ಕೆ ಹೊಡೆದಾಡಲೇಬೇಕು ಅಂತೇನಿಲ್ಲ, ದೇಶಗಳು ಒಬ್ಬರನ್ನೊಬ್ಬರು ಏನಂತ ತಿಳಿದುಕೊಂಡಿವೆ ಅನ್ನುವುದರ ಮೇಲೆ ಅದು ನಿಂತಿದೆ ಅಂದರು. ಮರುವರ್ಷ ಸ್ಯಾಮ್ಯುಯೆಲ್ ಹಂಟಿಂಗ್ಟನ್, ಇನ್ನು ಮುಂದಿನ ಮುಖ್ಯ ಜಗಳಗಳು ನಾಗರಿಕತೆಗಳ ನಡುವೆ ಅಂತ ಬರೆದರು.

ಇಷ್ಟನ್ನು ಬರೆದು ಓದಿಬಿಡಬಹುದು. ಆದರೆ ನನಗೆ ಸಮಾಧಾನ ಇಲ್ಲ. ನಮ್ಮೂರು ತಂಗಡಗಿಯ ಹತ್ತಿರ. ನೀಲಮ್ಮನ ಗುಡಿಗೆ ಬರುವವರು ಹೊಳೆ ನೋಡುತ್ತಾ 1565ರ ರಕ್ಕಸತಂಗಡಿ ಯುದ್ಧದ, ಅಂದರೆ ದಖ್ಖನಿನ ಸುಲ್ತಾನರು ಕೂಡಿ ವಿಜಯನಗರವನ್ನು ಸೋಲಿಸಿದ ಯುದ್ಧದ, ಮಾತು ತೆಗೆಯುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಅದು ಹಿಂದೂ-ಮುಸ್ಲಿಂ ಯುದ್ಧ ಅಂತ. ಕ್ಲಾಸಿನಲ್ಲಿ ನಮ್ಮ ಸರ್ ಹೇಳಿದ್ದು, ಅದು ಬರೀ ಶಕ್ತಿ ಸಮತೋಲನದ ಲೆಕ್ಕ, ಅಂದರೆ ಒಬ್ಬ ತೀರಾ ಬಲಿಯದಂತೆ ಉಳಿದವರು ಕೂಡಿದ್ದು ಅಂತ. ಎರಡರಲ್ಲೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ನಮ್ಮ ಕಡೆಯ ಉದಾಹರಣೆ ಇಟ್ಟುಕೊಂಡು ಯಾರಾದರೂ ಬಿಡಿಸಿ ಹೇಳುತ್ತೀರಾ?


ಗುಮ್ಮಟದ ಗೈಡ್, ವಿಜಯಪುರ

ತಂಗಿ, ನಾನು ರಾಜ್ಯಶಾಸ್ತ್ರ ಓದಿದವನಲ್ಲ. ಬಂದವರಿಗೆ ಊರು ತೋರಿಸುವುದು ನನ್ನ ಕೆಲಸ. ಇದೇ ಪ್ರಶ್ನೆ ನನಗೂ ಜನ ಕೇಳುತ್ತಾರೆ. ನಾನು ಅವರನ್ನು ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಲ್ಲಿಸುತ್ತೇನೆ.

ಅದರ ಬಾಯಿ ನೋಡಿರುತ್ತೀಯ. ಸಿಂಹದಂಥ ಪ್ರಾಣಿ ಬಾಯಿ ಕಿಸಿದಿದೆ, ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಸುಮಾರು 55 ಟನ್ ತೂಕ. ಅದು ನಮ್ಮೂರಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ, ತುರ್ಕಿಯ ಕಡೆಯವನು. ಆಗ ಅದು ಅಹಮದ್‌ನಗರ ಆಳುತ್ತಿದ್ದ ನಿಜಾಮಶಾಹಿಯ ತೋಪು. ಪರಾಂಡಾ ಕೋಟೆಯಲ್ಲಿತ್ತು. 1632ರಲ್ಲಿ ಬಿಜಾಪುರ ಆಳುತ್ತಿದ್ದ ಆದಿಲಶಾಹಿಯವರು ಇಲ್ಲಿಗೆ ತಂದರು. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ ಮೇಲೆ ಅದೇ ತೋಪಿನ ಮೇಲೆ ತನ್ನ ಗೆಲುವಿನ ಬರಹ ಕೆತ್ತಿಸಿದ.

ಅಂದರೆ ಒಂದೇ ತೋಪಿಗೆ ಮೂವರು ಒಡೆಯರು. ಮೂವರೂ ಮುಸ್ಲಿಮರೇ. ಬಿಜಾಪುರದ ರಾಜ್ಯವನ್ನು ಮುಗಿಸಿದ್ದು ವಿಜಯನಗರ ಅಲ್ಲ, ದೆಹಲಿಯ ಬಾದಶಹ. ಧರ್ಮ ಒಂದೇ ಇದ್ದರೆ ಯುದ್ಧ ಆಗುತ್ತಿರಲಿಲ್ಲ ಅನ್ನುವವರು ಆ ತೋಪಿನ ಮೈಮೇಲಿನ ಅಕ್ಷರ ಒಮ್ಮೆ ನೋಡಬೇಕು.


ಬಾಗೇವಾಡಿ ಓದುಗ

ಗೈಡ್ ಅಣ್ಣಾರ ಮಾತು ಸರಿ, ಆದರೆ ಪೂರ್ತಿ ಅಲ್ಲ. ಹಂಪಿಗೆ ಹೋದವರು ಏನು ನೋಡುತ್ತಾರೆ? ಯುದ್ಧ ಗೆದ್ದು ಸುಮ್ನೆ ಹೋಗಲಿಲ್ಲ, ತಿಂಗಳುಗಟ್ಟಲೆ ಊರು ಸುಲಿದರು. ಆ ಕಾಲದ ಪರ್ಷಿಯನ್ ತವಾರೀಖುಗಳನ್ನು, ಅಂದರೆ ಇತಿಹಾಸದ ಬರಹಗಳನ್ನು, ತೆಗೆದರೆ ಉದ್ದಕ್ಕೂ ಧರ್ಮಯುದ್ಧದ ಮಾತು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ನಾಲ್ಕೂ ಕೂಡಿದವು. ದಿನಾ ಕಚ್ಚಾಡುತ್ತಿದ್ದವರನ್ನು ಒಂದುಗೂಡಿಸಿದ್ದು ಏನು? ಅದನ್ನು ಲೆಕ್ಕಕ್ಕೇ ಹಿಡಿಯದೆ ಬರೀ ಶಕ್ತಿ, ಸಮತೋಲನ ಅನ್ನುವುದು ಸತ್ಯಕ್ಕೆ ದೂರ ಅಂತ ನನ್ನ ಅಭಿಪ್ರಾಯ.


ನವನಗರ ಮೇಡಂ, ಬಾಗಲಕೋಟೆ

ಹೊಳೆದಂಡೆ, ನಿನ್ನ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ನಾನು ಡಿಗ್ರಿ ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಈ ಎರಡನ್ನು ಎದುರುಬದುರು ನಿಲ್ಲಿಸಿ ‘ಇದೋ ಅದೋ’ ಅಂತ ಕೇಳುವ ರೂಢಿಯೇ ನನಗೆ ಒಪ್ಪಿಗೆ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮೊದಲು ಒಂದು ಪ್ರಸಂಗ. 1565ಕ್ಕೆ ಕೆಲವು ವರ್ಷ ಮುಂಚೆ, ವಿಜಯನಗರದ ಅಧಿಕಾರ ಕೈಯಲ್ಲಿ ಹಿಡಿದಿದ್ದ ರಾಮರಾಯ ಮತ್ತು ಬಿಜಾಪುರದ ಅಲಿ ಆದಿಲಶಾಹ ಒಂದು ಕಡೆ ಇದ್ದರು. ಇಬ್ಬರೂ ಸೇರಿ ಅಹಮದ್‌ನಗರದ ಹುಸೇನ್ ನಿಜಾಮಶಾಹನನ್ನು ಮಣಿಸಿದರು. ಸಂಧಿಗೆ ಷರತ್ತುಗಳು ಬಂದವು. ಒಂದು, ಕಲ್ಯಾಣಿ ಕೋಟೆ, ಅಂದರೆ ಈಗಿನ ಬಸವಕಲ್ಯಾಣ, ಬಿಜಾಪುರಕ್ಕೆ ಬಿಟ್ಟುಕೊಡಬೇಕು. ಇನ್ನೊಂದು, ಹುಸೇನ್ ಖುದ್ದಾಗಿ ರಾಮರಾಯನ ಬಿಡಾರಕ್ಕೆ ಬಂದು ಅವನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು. ಹುಸೇನ್ ಬಂದ. ತವಾರೀಖಿನಲ್ಲಿರುವ ಕತೆಯ ಪ್ರಕಾರ, ರಾಮರಾಯನ ಕೈ ಮುಟ್ಟಿದ ಮೇಲೆ ಅವನು ನೀರು ತರಿಸಿ ಅಲ್ಲೇ ಕೈ ತೊಳೆದುಕೊಂಡ. ರಾಮರಾಯನಿಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದ ಅತಿಥಿ ಅಂತ ಬಿಟ್ಟಿದ್ದೇನೆ ಅಂತ ಕನ್ನಡದಲ್ಲಿ ಗೊಣಗಿ, ತಾನೂ ನೀರು ತರಿಸಿ ಕೈ ತೊಳೆದುಕೊಂಡ.

ಈ ಎರಡು ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡು. ಕೋಟೆ ಕೇಳಿದ್ದು ಯಾಕೆ ಅಂತ ವಾಲ್ಟ್ಸ್ ಹೇಳಬಲ್ಲರು. ಗಡಿಯ ಕೋಟೆ ಯಾರ ಕೈಯಲ್ಲಿದೆಯೋ ಅವರು ನಿಶ್ಚಿಂತೆಯಿಂದ ಮಲಗುತ್ತಾರೆ, ಇನ್ನೊಬ್ಬರಿಗೆ ನಿದ್ದೆ ಇಲ್ಲ. ಆದರೆ ವೀಳ್ಯ ಯಾಕೆ? ಎರಡು ಎಲೆ, ಒಂದು ಅಡಿಕೆ. ಅದರಿಂದ ಒಬ್ಬ ಸೈನಿಕನೂ ಹೆಚ್ಚಾಗುವುದಿಲ್ಲ. ಆದರೂ ಕೋಟೆ ಹೋದದ್ದಕ್ಕಿಂತ ಅದು ಹೆಚ್ಚು ಉರಿಯಿತು. ವೀಳ್ಯ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಕೈ ತೊಳೆದರೆ ಏನು ಹೇಳಿದಂತೆ ಅನ್ನುವುದೂ ಇಬ್ಬರಿಗೂ ಗೊತ್ತಿತ್ತು. ನೋಡು, ಇಲ್ಲಿ ಸಂಸ್ಕೃತಿ ಬೇರೆ ಬೇರೆ ಅನ್ನುವುದಕ್ಕಿಂತ, ಇಬ್ಬರೂ ಒಂದೇ ದಖ್ಖನಿನ ದರ್ಬಾರಿ ರೀತಿಯಲ್ಲಿ ಬೆಳೆದವರು ಅನ್ನುವುದೇ ಅವಮಾನವನ್ನು ಅಷ್ಟು ಚೂಪು ಮಾಡಿತು. ಪರಕೀಯನಿಗೆ ಆ ಅವಮಾನ ಅರ್ಥವೇ ಆಗುತ್ತಿರಲಿಲ್ಲ.

ಇನ್ನು ಅಲಿ ಆದಿಲಶಾಹ. ರಾಮರಾಯನ ಮಗ ತೀರಿಕೊಂಡಾಗ ಅಲಿ ಸ್ವತಃ ವಿಜಯನಗರಕ್ಕೆ ಹೋಗಿ ಮಾತನಾಡಿಸಿ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು. ಇದನ್ನು ಬರೆದ ಇತಿಹಾಸಕಾರ ಫರಿಷ್ತಾ ಬಿಜಾಪುರದ ಆಸ್ಥಾನದಲ್ಲೇ ಇದ್ದವನು. ಅವನೇ ಇನ್ನೊಂದು ಮಾತೂ ಸೇರಿಸುತ್ತಾನೆ: ಅಲಿ ಹೊರಟಾಗ ರಾಮರಾಯ ಊರ ಹೊರಗಿನವರೆಗೆ ಬಂದು ಕಳಿಸಿಕೊಡಲಿಲ್ಲ, ಅದು ಅಲಿಯ ಮನಸ್ಸಿನಲ್ಲಿ ಉಳಿಯಿತು. ಬೀಗರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸದಿದ್ದರೆ ನಮ್ಮಲ್ಲಿ ಇವತ್ತಿಗೂ ವರ್ಷಗಟ್ಟಲೆ ಮಾತು ಬಿಡುತ್ತಾರೆ, ಅಲ್ವಾ? ರಾಜರಿಗೆ ಮಾತು ಬಿಡುವುದರ ಜೊತೆಗೆ ಸೈನ್ಯವೂ ಇತ್ತು.

ಹಾಗಾದರೆ ಯುದ್ಧಕ್ಕೆ ಅವಮಾನವೇ ಕಾರಣವೇ? ಅಲ್ಲ. ಇಲ್ಲಿ ನಿಮ್ಮ ಸರ್ ಹೇಳಿದ್ದಕ್ಕೆ ತೂಕ ಇದೆ. ರಾಮರಾಯ ಇಪ್ಪತ್ತು ವರ್ಷ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನನ್ನು ಹೊಡೆದ. ಮೊದಲು ಅಹಮದ್‌ನಗರದ ಜೊತೆ ಸೇರಿ ಬಿಜಾಪುರದಿಂದ ರಾಯಚೂರು, ಮುದಗಲ್ ಕಿತ್ತುಕೊಂಡ. ಆಮೇಲೆ ಬಿಜಾಪುರದ ಜೊತೆ ಸೇರಿ ಅಹಮದ್‌ನಗರಕ್ಕೆ ನುಗ್ಗಿದ. ಪ್ರತಿ ಸಲವೂ ಅವನ ಕೈ ಮೇಲಾಯಿತು. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನಂತೂ ರಾಜನಾಗುವ ಮುಂಚೆ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಅಂಥವನೂ ಕೊನೆಗೆ ಎದುರು ಪಾಳೆಯಕ್ಕೆ ಹೋದ. ಬೆಳೆಯುತ್ತಾ ಹೋದ ಒಬ್ಬನನ್ನು ಕಂಡು ಉಳಿದವರು ಹೆದರಿ ಕೂಡಿದರು. ಅಥೆನ್ಸ್ ಬೆಳೆದದ್ದು ಮತ್ತು ಅದರಿಂದ ಸ್ಪಾರ್ಟಾಕ್ಕೆ ಹುಟ್ಟಿದ ಭಯವೇ ಯುದ್ಧದ ನಿಜವಾದ ಕಾರಣ ಅಂತ ಪ್ರಾಚೀನ ಗ್ರೀಸಿನ ಇತಿಹಾಸಕಾರ ಥುಸಿಡಿಡೀಸ್ ಬರೆದದ್ದು ಇದೇ ಬಗೆಯ ಮಾತು. ಭಯ, ಮಾನ, ಲಾಭ ಮೂರನ್ನೂ ಅವನು ಒಟ್ಟಿಗೆ ಹೆಸರಿಸುತ್ತಾನೆ. ನಮ್ಮ ಪಠ್ಯಗಳು ಭಯವನ್ನು ಇಟ್ಟುಕೊಂಡು ಮಾನವನ್ನು ಕೈಬಿಟ್ಟಿವೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ ಬರುತ್ತೇನೆ. ನಾಲ್ವರು ಹೆದರಿದ್ದರು ಅನ್ನೋಣ. ಆದರೆ ಹುಸೇನ್ ಮತ್ತು ಅಲಿ ಒಬ್ಬರನ್ನೊಬ್ಬರು ನಂಬುವುದು ಹೇಗೆ? ನಿನ್ನೆವರೆಗೆ ಕತ್ತಿ ಹಿರಿದವರು. ಕರಾರು ಬರೆದರೆ ಮುರಿದವನನ್ನು ಕೇಳುವ ಕೋರ್ಟ್ ಇಲ್ಲ. ಅದಕ್ಕೆ ಅವರು ಮದುವೆ ಮಾಡಿದರು. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟರು, ಜೊತೆಗೆ ಸೊಲ್ಲಾಪುರದ ಕೋಟೆ. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಹೆಣ್ಣು, ಕೋಟೆ, ಒಂದೇ ಧರ್ಮದ ಆಣೆ. ಮೇಲೆ ಯಾರೂ ಇಲ್ಲದ ಜಗತ್ತಿನಲ್ಲಿ ಮಾತಿಗೆ ಜಾಮೀನು ಕೊಟ್ಟದ್ದು ಇವು. ಬಾಗೇವಾಡಿ ಓದುಗರು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಧರ್ಮ ಅಲ್ಲಿ ಇತ್ತು, ಅದನ್ನು ಯಾರೂ ಅಲ್ಲಗಳೆಯಬಾರದು. ನಾಲ್ವರನ್ನು ಕೂಡಿಸಲು, ಸೈನಿಕರನ್ನು ಹುರಿದುಂಬಿಸಲು, ಗೆಲುವನ್ನು ಬರೆದಿಡಲು ಅದು ಕೆಲಸಕ್ಕೆ ಬಂತು. ಆದರೆ ಆ ಭಯವನ್ನು ಅದು ಹುಟ್ಟಿಸಿದ್ದಲ್ಲ. ಯುದ್ಧ ಮುಗಿದು ಸ್ವಲ್ಪ ಕಾಲಕ್ಕೇ ಬಿಜಾಪುರ ಪೆನುಗೊಂಡೆಯ ಕಡೆ, ಅಂದರೆ ವಿಜಯನಗರದವರ ಹೊಸ ರಾಜಧಾನಿಯ ಕಡೆ, ದಂಡೆತ್ತಿ ಹೊರಟಿತು. ಆಗ ರಾಮರಾಯನ ತಮ್ಮ ತಿರುಮಲರಾಯ ನೆರವು ಕೇಳಿದ್ದು ಯಾರನ್ನು? ಅಹಮದ್‌ನಗರವನ್ನು. ಅಹಮದ್‌ನಗರ ಬಿಜಾಪುರದ ಮೇಲೆ ಬಿತ್ತು, ಅಲಿ ವಾಪಸ್ಸು ಬರಬೇಕಾಯಿತು.

ಧರ್ಮ ಒಂದೇ ಇದ್ದ ಕಡೆಯ ಉದಾಹರಣೆ ಬೇಕಾದರೆ ನಮ್ಮ ಬದಾಮಿಗೆ ಬಾ. ಚಾಲುಕ್ಯರು, ಪಲ್ಲವರು ಇಬ್ಬರೂ ಶಿವನಿಗೆ, ವಿಷ್ಣುವಿಗೆ ಗುಡಿ ಕಟ್ಟಿದವರು. ಇಬ್ಬರೂ ಸಂಸ್ಕೃತದ ಕವಿಗಳನ್ನು ಸಾಕಿದವರು. ಆದರೂ ನೂರು ವರ್ಷಕ್ಕೂ ಮೇಲೆ ಬಡಿದಾಡಿದರು. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ, ಚಾಲುಕ್ಯ ಪುಲಿಕೇಶಿಯ ಸೈನ್ಯದ ದೂಳಿಗೆ ಪಲ್ಲವ ರಾಜ ಕಂಚಿಯ ಗೋಡೆಯ ಹಿಂದೆ ಅಡಗಿದ ಅಂತ ಬರೆದ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಬದಾಮಿಯನ್ನೇ ಹಿಡಿದು ಇಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ನೂರು ವರ್ಷದ ನಂತರ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ.

ಗೆದ್ದು ಏನು ಮಾಡಿದ ಅನ್ನುವುದು ಬಹಳ ಮುಖ್ಯ. ಕೈಲಾಸನಾಥ ಗುಡಿಯ ಸಂಪತ್ತು ನೋಡಿ, ಅದನ್ನು ಮುಟ್ಟದೆ ದೇವರಿಗೇ ಬಿಟ್ಟು, ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆ ಕನ್ನಡ ಶಾಸನ ಈಗಲೂ ಕಂಚಿಯಲ್ಲಿದೆ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿ ಕಟ್ಟಿಸಿದಳು, ಈಗಿನ ವಿರೂಪಾಕ್ಷ. ಗಂಡ ಮೂರು ಸಲ ಕಂಚಿ ಗೆದ್ದದ್ದರ ನೆನಪಿಗೆ ಅಂತ ಅಲ್ಲಿ ಬರೆದಿದೆ. ಹತ್ತಿರ ನಿಂತು ನೋಡಿದರೆ ಅದರ ಗೋಪುರ ಕಂಚಿಯ ಗುಡಿಯ ಸೋದರಿಯ ಹಾಗೆ ಕಾಣುತ್ತದೆ. ಸೋತವರ ಶೈಲಿಯನ್ನು ಗೆದ್ದವರು ಮನೆಗೆ ತಂದಿದ್ದಾರೆ. ಹೀಗೆ ಒಂದೇ ಸಂಸ್ಕೃತಿಯವರಾಗಿದ್ದರಿಂದ ಯುದ್ಧ ನಿಲ್ಲಲಿಲ್ಲ. ಅಷ್ಟೇ ಅಲ್ಲ, ದಿಗ್ವಿಜಯ ಮಾಡದವನು ರಾಜನೇ ಅಲ್ಲ ಅನ್ನುವುದು ಅದೇ ಸಂಸ್ಕೃತಿಯ ಪಾಠ. ಗುಡಿಯ ಹಣ ಮುಟ್ಟಬಾರದು ಅನ್ನುವುದೂ ಅದರದೇ ಪಾಠ. ಮೊದಲನೆಯದು ಯುದ್ಧಕ್ಕೆ ನೂಕಿತು, ಎರಡನೆಯದು ಗೆದ್ದ ಮೇಲೆ ಕೈ ತಡೆಯಿತು.

ಕೌಟಿಲ್ಯನನ್ನೂ ಸೆಮಿನಾರ್‌ಗೆ ಸೇರಿಸು. ಪಕ್ಕದ ರಾಜ ವೈರಿ, ಅವನಾಚೆಯ ರಾಜ ಮಿತ್ರ ಅನ್ನುವ ಮಂಡಲದ ಲೆಕ್ಕ ಅವನದು. ಮರೆತುಹೋಗಿದ್ದ ಆ ಅರ್ಥಶಾಸ್ತ್ರ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತು. ಪಕ್ಕದ ಬಿಜಾಪುರವನ್ನು ಹೊಡೆಯಲು ರಾಮರಾಯ ಮೊದಲು ಅದರಾಚೆಯ ಅಹಮದ್‌ನಗರದ ಜೊತೆ ಸೇರಿದ್ದು ಆ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.


ನಿವೃತ್ತ ಹವಾಲ್ದಾರ್, ಬೆಳಗಾವಿ

ಮೇಡಂ ಬರೆದದ್ದು ಓದಿದೆ. ಪಲ್ಟನ್ನಿನಲ್ಲಿ ಇದ್ದವನಾಗಿ ಎರಡು ಮಾತು.

ಹೊಳೆದಂಡೆ ತಂಗಿ, ನಿನ್ನ ನೋಟ್ಸ್‌ನಲ್ಲಿರುವ ಭಯ ಗಡಿಯ ಪೋಸ್ಟಿನಲ್ಲಿ ಬೆಳಗಾದರೆ ಕಾಣುತ್ತದೆ. ಎದುರು ಗುಡ್ಡದ ಮೇಲೆ ಹೊಸ ಮಣ್ಣು ಬಿದ್ದಿದೆ ಅಂದರೆ ರಾತ್ರಿ ಬಂಕರ್ ತೋಡಿದ್ದಾರೆ ಅಂತ ಅರ್ಥ. ತಮ್ಮ ಜೀವ ಉಳಿಸಿಕೊಳ್ಳಲು ತೋಡಿದರೋ, ನಮ್ಮ ಮೇಲೆ ಗುಂಡು ಹಾರಿಸಲು ತೋಡಿದರೋ, ದುರ್ಬೀನು ಹಾಕಿದರೂ ತಿಳಿಯುವುದಿಲ್ಲ. ಅವತ್ತೇ ನಾವೂ ಗುದ್ದಲಿ ಹಿಡಿಯುತ್ತೇವೆ. ಅದನ್ನು ನೋಡಿ ಅವರು ಇನ್ನಷ್ಟು ತೋಡುತ್ತಾರೆ. ಯಾರೂ ಕೆಟ್ಟವರಾಗಬೇಕಿಲ್ಲ, ಆದರೂ ಬಂಕರ್ ಹೆಚ್ಚುತ್ತಾ ಹೋಗುತ್ತವೆ.

ಆದರೆ ಜವಾನನನ್ನು ಗುಡ್ಡ ಹತ್ತಿಸುವುದು ಭಯ ಅಲ್ಲ. ಇಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇದೆ. ಕನ್ನಡದ ಹುಡುಗರೂ ಶಿವಾಜಿ ಮಹಾರಾಜರ ಜಯಘೋಷ ಹಾಕುತ್ತಲೇ ಓಡುತ್ತಾರೆ. ನಮ್ಮ ಪಲ್ಟನ್ ಪೋಸ್ಟ್ ಬಿಟ್ಟು ಬಂತು ಅನ್ನುವ ಹೆಸರು ಬರಬಾರದು ಅನ್ನುವುದು ಸಾವಿಗಿಂತ ದೊಡ್ಡದು. ಇಜ್ಜತ್ ಅಂತೀವಲ್ಲ, ಅದು. ಮೇಡಂ ಹೇಳಿದ ಮಾನ ಅದೇ. ಪುಸ್ತಕದಿಂದ ಅದನ್ನು ತೆಗೆದರೆ ಸೈನ್ಯ ಹೇಗೆ ನಿಲ್ಲುತ್ತದೆ ಅನ್ನುವುದನ್ನೇ ತೆಗೆದಂತೆ.

ಇನ್ನೊಂದು. ಚೀನಾ ಗಡಿಯಲ್ಲಿ 1996ರ ಒಪ್ಪಂದ ಇದೆ. ವಾಸ್ತವ ನಿಯಂತ್ರಣ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ. ಮುರಿದರೆ ಶಿಕ್ಷೆ ಕೊಡುವವರು ಯಾರೂ ಇಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಜನ ಹುತಾತ್ಮರಾದರು. ಕಲ್ಲು, ಮೊಳೆ ಹೊಡೆದ ದೊಣ್ಣೆ, ಕೈ ಕೈ ಹೊಡೆದಾಟ. ಎರಡು ಅಣುಬಾಂಬಿನ ದೇಶಗಳು. ಅಷ್ಟು ಸಾವಾದರೂ ಆ ರಾತ್ರಿ ಗುಂಡು ಹಾರಲಿಲ್ಲ. ಮೇಲೆ ಯಾರೂ ಇಲ್ಲದ ಕಡೆಯೂ ಕಾಗದದ ಮೇಲಿನ ಒಂದು ಸಾಲು ಅಷ್ಟು ಮಟ್ಟಿಗೆ ನಡೆಯಿತು. ಜೀವಗಳನ್ನು ಮಾತ್ರ ಉಳಿಸಲಿಲ್ಲ. ಇದನ್ನು ಯಾವ ಸಿದ್ಧಾಂತಕ್ಕೆ ಹಾಕುತ್ತೀರೋ ನೀವೇ ಹೇಳಿ, ನನಗೆ ಆ ಹುಡುಗರ ಮುಖವೇ ಕಣ್ಣ ಮುಂದೆ ಬರುತ್ತದೆ.


ಬಾಗೇವಾಡಿ ಓದುಗ

ತಿರುಮಲರಾಯ ಅಹಮದ್‌ನಗರದ ನೆರವು ಕೇಳಿದ್ದು ನನಗೆ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಮೇಡಂ, ಮೇಲೆ ಒಬ್ಬ ಒಡೆಯ ಬಂದರೆ ಎಲ್ಲ ಸರಿಹೋಗುತ್ತದೆಯೇ? ನಮ್ಮದೇ ದೇಶದಲ್ಲಿ ಗಡಿ, ನೀರು ಅಂತ ಜಗಳ ಇಲ್ಲವೇ? ಬೆಳಗಾವಿಯ ಜನರನ್ನೇ ಕೇಳಿ.


ನವನಗರ ಮೇಡಂ, ಬಾಗಲಕೋಟೆ

ಜಗಳ ಇದೆ. ಯುದ್ಧ ಇಲ್ಲ. ಆ ವ್ಯತ್ಯಾಸಕ್ಕೆ ನನ್ನ ಮನೆಯೇ ಸಾಕ್ಷಿ, ಅದಕ್ಕೆ ಇದನ್ನು ಬರೆಯಲೇಬೇಕು.

ನಮ್ಮ ತಂದೆಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಅದೇ ಆಣೆಕಟ್ಟಿನ ಎತ್ತರಕ್ಕಾಗಿ ರಾಜ್ಯಗಳು ಎಷ್ಟು ಕಿತ್ತಾಡಿವೆ ನೋಡಿ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ ನೀರು ಹಂಚಿತು. 2000ದಲ್ಲಿ ಸುಪ್ರೀಂ ಕೋರ್ಟ್ ಎತ್ತರವನ್ನು 519.6 ಮೀಟರಿಗೆ ನಿಲ್ಲಿಸಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ಈಗಲೂ ಆ ಎತ್ತರಕ್ಕೆ ಗೇಟು ಏರಿಲ್ಲ, ಕೇಸು ಮುಗಿದಿಲ್ಲ. ಬೆಳಗಾವಿಯದೂ ಹಾಗೇ. 1967ರಲ್ಲಿ ಗಡಿಯ ಬಗ್ಗೆ ಮಹಾಜನ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಬಸ್ಸಿಗೆ ಕಲ್ಲು ಬೀಳುತ್ತವೆ, ಬೋರ್ಡಿಗೆ ಮಸಿ ಬೀಳುತ್ತದೆ. ನೋವಾಗುತ್ತದೆ. ಆದರೆ ಯಾವ ಮುಖ್ಯಮಂತ್ರಿಯೂ ದಂಡು ಕಟ್ಟಿಕೊಂಡು ಬರುವುದಿಲ್ಲ.

ಇದೇ ಕೃಷ್ಣೆ-ತುಂಗಭದ್ರೆಯ ನಡುವಿನ ನೆಲಕ್ಕೆ, ರಾಯಚೂರು ದೋಆಬಿಗೆ, ಬಹಮನಿಯವರು, ವಿಜಯನಗರದವರು, ಆದಿಲಶಾಹಿಯವರು ಎರಡು ನೂರು ವರ್ಷ ರಕ್ತ ಹರಿಸಿದರು. ನೆಲ ಅದೇ, ಹೊಳೆ ಅದೇ, ಜನರ ಮಾತು-ಧರ್ಮದ ಭೇದ ಇವತ್ತೂ ಇದೆ. ಬದಲಾದದ್ದು ಒಂದು: ಸೋತರೂ ಇನ್ನೊಮ್ಮೆ ಕೇಳಲು ಒಂದು ಕಟ್ಟೆ ಇದೆ, ಸೋತವನ ತಲೆ ಹೋಗುವುದಿಲ್ಲ. ಮನೆ ಮುಳುಗಿದ ನನಗೆ ಆ ತೀರ್ಪುಗಳ ಮೇಲೆ ಸಿಟ್ಟಿದೆ. ಆದರೂ ಆ ಕಟ್ಟೆ ಇರಲಿ ಅಂತಲೇ ಬಯಸುತ್ತೇನೆ.

ತೀರ್ಪನ್ನು ಜಾರಿ ಮಾಡಿಸುವ ಅಂಥ ಕಟ್ಟೆ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಸಿಂಧೂ ನದಿ ಇದೆ. 1960ರ ಒಪ್ಪಂದ 1965, 1971, 1999ರ ಯುದ್ಧಗಳನ್ನು ದಾಟಿ ಬಂತು. ಮುರಿದರೆ ಬಲವಂತದಿಂದ ಪಾಲಿಸುವಂತೆ ಮಾಡುವವರಿಲ್ಲದಿದ್ದರೂ ಅಷ್ಟು ಕಾಲ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತ ಅದನ್ನು ತಡೆಹಿಡಿಯಿತು. ಇಬ್ಬರೂ ನಡೆಸುವ ತನಕ ನಡೆಯಿತು. ಹವಾಲ್ದಾರ್ ಸರ್ ಹೇಳಿದ 1996ರ ಸಾಲಿನ ಹಾಗೆಯೇ ಇದೂ.

ಹೊರಗಿನ ಉದಾಹರಣೆ ಎರಡೇ ಹೇಳಿ ನಿಲ್ಲಿಸುತ್ತೇನೆ. ಫ್ರಾನ್ಸ್-ಜರ್ಮನಿ 1870, 1914, 1940ರಲ್ಲಿ ಮೂರು ಸಲ ಕಾದಿದವು. 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕನ್ನು, ಅಂದರೆ ತೋಪು ಎರಕ ಹೊಯ್ಯುವ ಸಾಮಾನನ್ನೇ, ಒಂದೇ ಆಡಳಿತಕ್ಕೆ ಕೊಟ್ಟವು. ಈಗ ಅವೆರಡರ ನಡುವೆ ಯುದ್ಧ ಅಂದರೆ ಅಲ್ಲಿಯ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ. ವೆಂಟ್ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಎರಡನೆಯದು ಉಕ್ರೇನ್. ಹಂಟಿಂಗ್ಟನ್ ಲೆಕ್ಕದಲ್ಲಿ ರಷ್ಯಾ, ಉಕ್ರೇನ್ ಎರಡೂ ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತ ನೆಲ. ಆ ಲೆಕ್ಕದಿಂದ ಅವರ ನಡುವೆ ದೊಡ್ಡ ಯುದ್ಧ ಆಗಬಾರದಿತ್ತು. ಆದರೆ 2021ರ ಜುಲೈನಲ್ಲಿ ಪುಟಿನ್ ಉದ್ದನೆಯ ಲೇಖನ ಬರೆದು, ರಷ್ಯನ್ನರು ಉಕ್ರೇನಿಯನ್ನರು ಒಂದೇ ಜನ ಅಂದರು. 2022ರ ಫೆಬ್ರವರಿ 24ರಂದು ಸೈನ್ಯ ನುಗ್ಗಿತು. ನ್ಯಾಟೋ ಭಯವನ್ನು ಅವರು ಮುಂದಿಟ್ಟದ್ದೂ ನಿಜ. ಆದರೆ ಬೇರೆಯವರು ಅನ್ನುವ ಕಾರಣಕ್ಕೆ ಮಾತ್ರ ಜನ ಹೊಡೆದಾಡುವುದಿಲ್ಲ. ನೀನು ನಮ್ಮವನೇ, ನನ್ನಿಂದ ಬೇರೆ ಹೋಗುವ ಹಕ್ಕು ನಿನಗಿಲ್ಲ ಅಂತಲೂ ಹೊಡೆಯುತ್ತಾರೆ.


ಹೊಳೆದಂಡೆ, ಮುದ್ದೇಬಿಹಾಳ ತಾಲೂಕು

ಮೇಡಂ, ಹವಾಲ್ದಾರ್ ಸರ್, ಗೈಡ್ ಅಣ್ಣ, ಬಾಗೇವಾಡಿಯವರು, ಎಲ್ಲರಿಗೂ ಶರಣು. ಎಲ್ಲ ಬರೆದುಕೊಂಡೆ.

ಮೇಡಂ ಮದುವೆಯನ್ನು ಜಾಮೀನು ಅಂದರು. ಆ ಜಾಗದಲ್ಲೇ ನನ್ನ ಮನಸ್ಸು ಸಿಕ್ಕಿಕೊಂಡಿತು. ಚಾಂದಬೀಬಿಯ ಬಗ್ಗೆ ಲೈಬ್ರರಿಯಲ್ಲಿ ಹುಡುಕಿದೆ. ಜಾಮೀನಾಗಿ ಬಂದ ಆ ಹುಡುಗಿ 1580ರಲ್ಲಿ ಗಂಡ ಕೊಲೆಯಾದ ಮೇಲೆ ಬಿಜಾಪುರದ ಆಡಳಿತ ನೋಡಿಕೊಂಡಳು. ಚಿಕ್ಕವನಿದ್ದ ಎರಡನೇ ಇಬ್ರಾಹಿಂನನ್ನು ಬೆಳೆಸಿದಳು. ಆಮೇಲೆ ತವರಿಗೆ ಹೋದಳು. 1595ರಲ್ಲಿ ಅಕ್ಬರನ ಮಗ ಮುರಾದ್ ಅಹಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆ ಕಾದವಳು ಅವಳೇ. ಬಿಜಾಪುರಕ್ಕೆ, ಗೋಲ್ಕೊಂಡಕ್ಕೆ ನೆರವು ಕೇಳಿ ಕಳಿಸಿದಳು. ಸೈನ್ಯ ಬಂತು. ಬಿಜಾಪುರದ ಸೊಹೇಲ್ ಖಾನನ ಕೈಕೆಳಗೆ ಮೂರೂ ಕಡೆಯವರು 1597ರಲ್ಲಿ ಗೋದಾವರಿಯ ದಂಡೆಯಲ್ಲಿ ಮೊಗಲರ ಎದುರು ನಿಂತು ಸೋತರು. 1600ರಲ್ಲಿ ಅವಳನ್ನು ಕೊಂದವರು ಮೊಗಲರಲ್ಲ. ಮೊಗಲರ ಜೊತೆ ಸಂಧಿಗೆ ಹೊರಟಿದ್ದಾಳೆ ಅಂತ ತಿಳಿದು ಅವಳ ಕಡೆಯವರೇ ಕೊಂದರು.

ನನ್ನ ಪ್ರಶ್ನೆ ಇದು. ಮೂವತ್ತು ವರ್ಷದ ನಂತರ ಬಿಜಾಪುರದ ಸೈನ್ಯ ಬಂದದ್ದು ಅವಳು ಸಾಕಿದ ಮಗನ ಋಣಕ್ಕೋ, ಮುಂದಿನ ಸರದಿ ತಮ್ಮದೇ ಅನ್ನುವ ಭಯಕ್ಕೋ?


ನವನಗರ ಮೇಡಂ, ಬಾಗಲಕೋಟೆ

ಭಯ ನಿಜವಾಗಿತ್ತು. ಗೈಡ್ ಅಣ್ಣ ಹೇಳಿದ 1686 ಅದಕ್ಕೆ ಸಾಕ್ಷಿ. ಆದರೆ ಒಂದು ಗಮನಿಸು. ಅದೇ ಭಯ ಅಹಮದ್‌ನಗರದ ಉತ್ತರಕ್ಕಿದ್ದ ಖಾಂದೇಶದ ರಾಜನಿಗೂ ಇತ್ತು. ಅವನು ಮೊಗಲರ ಪಕ್ಷ ಹಿಡಿದು ಅದೇ ಗೋದಾವರಿ ದಂಡೆಯಲ್ಲಿ ಅವರ ಪರವಾಗಿ ಕಾದಿ ಸತ್ತ. ಒಂದೇ ಭಯ, ಒಬ್ಬ ಆಚೆ ಹೋದ, ಇನ್ನೊಬ್ಬ ಈಚೆ ಬಂದ. ಯಾಕೆ ಅನ್ನುವುದಕ್ಕೆ ಉತ್ತರ ಹುಡುಕುವಾಗ ಚಾಂದಬೀಬಿಯನ್ನು ಬಿಟ್ಟು ಬರೆಯಲಾಗುವುದಿಲ್ಲ. ಸೆಮಿನಾರನ್ನು ಇಲ್ಲಿಂದಲೇ ಶುರು ಮಾಡು. ವಾಲ್ಟ್ಸ್, ವೆಂಟ್ ಆಮೇಲೆ ಬರಲಿ. ಬರೆದ ಮೇಲೆ ಇಲ್ಲಿ ಹಾಕು, ನನ್ನ ಮಕ್ಕಳಿಗೂ ಓದಿಸುತ್ತೇನೆ.